ಕಾಶಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮಣ್ಣಾದ ಗೌರಮ್ಮ

ಹೋದ ವರ್ಷ ದೀಪಾವಳಿ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ನಮ್ಮ ಹಾಸ್ಟೆಲ್ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಹನ್ನೊಂದು ವರ್ಷದ ಹುಡುಗಿ, ನಮ್ಮ ಕಡೆಯ ಉಡುಗೆ, ಒಡವೆ, ಕಣ್ಣಲ್ಲಿ ಸ್ವಲ್ಪ ಗಾಬರಿ. ಕೆಳಗೆ ಬರೆದಿತ್ತು: ‘ಕೊಡಗಿನ ರಾಜಕುಮಾರಿ ಗೌರಮ್ಮ, ವಿಕ್ಟೋರಿಯಾ ರಾಣಿಯ ದತ್ತುಮಗಳು, ಪ್ರತಿಯೊಬ್ಬ ಕನ್ನಡಿಗನೂ ಹೆಮ್ಮೆ ಪಡಬೇಕಾದ ವಿಷಯ, ಶೇರ್ ಮಾಡಿ’. ಮೂವತ್ತು ಜನ ಹೃದಯದ ಗುರುತು ಒತ್ತಿದ್ರು. ನಾನೂ ಒತ್ತಿದೆ. ಮಡಿಕೇರಿ ಕಡೆಯ ರೂಮ್‌ಮೇಟ್ ಮಾತ್ರ ಒತ್ತಲಿಲ್ಲ. ‘ಹೆಮ್ಮೆ ಯಾಕೋ ಪಡ್ತೀಯ, ಮೊದಲು ಕತೆ ಓದು’ ಅಂದ.

ಓದಿದೆ. ರಜೆ ಪೂರ್ತಿ ಹೊಳಲಿನಲ್ಲಿ ಕೂತು ಅದನ್ನೇ ಓದಿದೆ ಅಂದ್ರೂ ತಪ್ಪಿಲ್ಲ. ನಾವೆಲ್ಲ ಹೆಮ್ಮೆಪಟ್ಟ ಕತೆಗೂ ನಡೆದದ್ದಕ್ಕೂ ಬಹಳ ದೂರ. ಅದನ್ನ ಗೊತ್ತಾದಷ್ಟು ಬಿಡಿಸಿ ಹೇಳೋಕೆ ಈ ಲೇಖನ.

ಮೊದಲು ಆ ‘ದತ್ತುಮಗಳು’ ಅನ್ನೋ ಮಾತು ತೆಗೆದುಬಿಡೋಣ. ಗೌರಮ್ಮ ರಾಣಿಯ ದತ್ತುಮಗಳಲ್ಲ, ಗಾಡ್‌ಡಾಟರ್. ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ‘ಈ ಮಗು ಧರ್ಮದ ದಾರಿಯಲ್ಲಿ ನಡೆಯೋ ಹಾಗೆ ನಾನು ನೋಡ್ಕೊಳ್ತೀನಿ’ ಅಂತ ಒಬ್ಬರು ಮಾತು ಕೊಡ್ತಾರೆ. ಆ ಸಂಬಂಧ ಇದು. ಗಾಡ್‌ಮದರ್ ಆದವರ ಮನೆಯಲ್ಲಿ ಮಗು ಬೆಳೆಯಬೇಕು ಅಂತಿಲ್ಲ, ಆಸ್ತಿಯಲ್ಲಿ ಪಾಲೂ ಇಲ್ಲ. ಗೌರಮ್ಮ ಅರಮನೆಗೆ ಹೋಗಿ ಬರ್ತಿದ್ದಳು, ರಾಣಿಯ ಮಕ್ಕಳ ಜೊತೆ ಆಡ್ತಿದ್ದಳು. ಆದರೆ ಅದು ಅವಳ ಮನೆ ಆಗಿರಲಿಲ್ಲ. ಅವಳದು ಅಂತ ಹೇಳಿಕೊಳ್ಳೋ ಒಂದು ಮನೆ ಇಂಗ್ಲೆಂಡಿನಲ್ಲಿ ಬಹಳ ವರ್ಷ ಇರಲೇ ಇಲ್ಲ.

ಇನ್ನು ಅವಳ ಅಪ್ಪ. ಚಿಕ್ಕವೀರರಾಜೇಂದ್ರ, ಹಾಲೇರಿ ವಂಶದ ಕೊನೆಯ ರಾಜ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿ ಓದಿದವರಿಗೆ ಗೊತ್ತು. ಓದದವರು ಕಾಲೇಜು ಲೈಬ್ರರಿಯ ಕನ್ನಡ ವಿಭಾಗದಲ್ಲಿ ಹುಡುಕಿ, ಮಾಸ್ತಿಯವರಿಗೆ ಜ್ಞಾನಪೀಠ ಬಂದಾಗ ಎಲ್ಲರ ಬಾಯಲ್ಲಿ ಇದ್ದದ್ದು ಅದೇ ಕಾದಂಬರಿ. ಹಾಲೇರಿ ಅರಸರು ಕೊಡವರಲ್ಲ, ಲಿಂಗಾಯತರು. ಅವರ ಮೂಲಪುರುಷ ಜಂಗಮನ ವೇಷದಲ್ಲಿ ಕೊಡಗಿಗೆ ಬಂದು ನೆಲೆ ನಿಂತ ಅಂತ ಪ್ರತೀತಿ. 1681ರಲ್ಲಿ ಮುದ್ದುರಾಜ ಮಡಿಕೇರಿಯನ್ನ ರಾಜಧಾನಿ ಮಾಡಿಕೊಂಡ. ಇದನ್ನ ಓದಿದಾಗ ನಮ್ಮಜ್ಜಿಗೆ ಹೇಳಿದೆ. ‘ಹಂಗಾದ್ರ ನಮ್ಮ ಪೈಕಿನ ಹುಡುಗಿ ಅನ್ನು’ ಅಂದು ಕೆಲಸ ಬಿಟ್ಟು ಕೂತಳು. ಆಮೇಲೆ ದಿನಾ ರಾತ್ರಿ ‘ಆ ಹುಡುಗಿ ಎಲ್ಲಿಗೆ ಬಂದ್ಲು’ ಅಂತ ಧಾರಾವಾಹಿ ಕೇಳಿದ ಹಾಗೆ ಕೇಳೋಕೆ ಶುರು ಮಾಡಿದಳು. ಅರ್ಧ ಲೇಖನ ಅಜ್ಜಿಗೆ ಹೇಳ್ತಾ ಹೇಳ್ತಾನೇ ತಯಾರಾದದ್ದು.

ಚಿಕ್ಕವೀರರಾಜ 1820ರಲ್ಲಿ ಪಟ್ಟಕ್ಕೆ ಬಂದ. ಒಳ್ಳೆಯ ರಾಜ ಅಂತ ಯಾರೂ ಬರೆದಿಲ್ಲ. ತಂಗಿ ಮತ್ತು ತಂಗಿಯ ಗಂಡ ಜೀವಭಯದಿಂದ ಓಡಿಹೋಗಿ ಇಂಗ್ಲಿಷರ ಆಶ್ರಯ ಕೇಳಿದ್ರು. ಕಂಪನಿಗೆ ಅಷ್ಟೇ ಸಾಕಾಯ್ತು. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್ ಸೈನ್ಯದೊಂದಿಗೆ ಮಡಿಕೇರಿಗೆ ಬಂದ, ಮೇ ತಿಂಗಳಲ್ಲಿ ಕೊಡಗು ಕಂಪನಿಯದಾಯ್ತು. ‘ಜನರೇ ನಮ್ಮನ್ನ ಕೇಳಿಕೊಂಡರು’ ಅಂತ ಕಂಪನಿ ಹೇಳಿತು. ರಾಜನನ್ನ ಮೊದಲು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದ್ರು. 1841ರ ಜುಲೈ 4ರಂದು ಗೌರಮ್ಮ ಹುಟ್ಟಿದ್ದು ಆ ಕಾಶಿಯಲ್ಲಿ. ತಾಯಿ ಬೇಗನೇ ತೀರಿಕೊಂಡಳು. ಅಂದ್ರೆ ‘ಕೊಡಗಿನ ರಾಜಕುಮಾರಿ’ ಕೊಡಗನ್ನ ಕಂಡವಳೇ ಅಲ್ಲ. ಅವಳು ಹುಟ್ಟೋ ಏಳು ವರ್ಷ ಮೊದಲೇ ಆ ರಾಜ್ಯ ಮುಗಿದಿತ್ತು.

ಇಲ್ಲಿ ದುಡ್ಡಿನ ಲೆಕ್ಕ ತಿಳಿದುಕೊಳ್ಳದೆ ಮುಂದೆ ಹೋದ್ರೆ ಕತೆ ಅರ್ಥ ಆಗಲ್ಲ. ಚಿಕ್ಕವೀರರಾಜನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಇಂಗ್ಲಿಷರ ಜೊತೆ ನಿಂತವನು. ಅವನು ಲಕ್ಷಾಂತರ ರೂಪಾಯಿಯನ್ನ ಕಂಪನಿಯಲ್ಲೇ ಠೇವಣಿ ಇಟ್ಟಿದ್ದ. ಸರ್ಕಾರಿ ಸಾಲಪತ್ರ, ವರ್ಷಕ್ಕೆ ಬಡ್ಡಿ. ಮಗಳು ದೇವಮ್ಮಾಜಿಗೆ ಸಲ್ಲಲಿ ಅಂತ ಇಟ್ಟದ್ದು. ಅದು ಕೈ ಬದಲಾಯಿಸಿ ಚಿಕ್ಕವೀರರಾಜನ ಹತ್ತಿರ ಬಂತು. ಹೇಗೆ ಬಂತು ಅನ್ನೋದಕ್ಕೆ ಮಾಸ್ತಿಯವರನ್ನೇ ಓದಬೇಕು, ಚೆಂದದ ಕತೆ ಅಲ್ಲ. 1834ರಲ್ಲಿ ರಾಜ್ಯ ತೆಗೆದುಕೊಂಡಾಗ ಕಂಪನಿ ಈ ಸಾಲಪತ್ರವನ್ನೂ ತೆಗೆದುಕೊಂಡಿತು. ಇದನ್ನ ಹೀಗೆ ಯೋಚಿಸಿ: ನೀವು ಒಂದು ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದೀರಿ. ಆ ಬ್ಯಾಂಕಿಗೆ ಸ್ವಂತ ಪೊಲೀಸ್ ಇದ್ದಾರೆ, ಸೈನ್ಯ ಇದೆ. ಒಂದು ದಿನ ಅವರೇ ಬಂದು ನಿಮ್ಮನ್ನ ಮನೆಯಿಂದ ಹೊರಗೆ ಹಾಕಿ, ಪಾಸ್‌ಬುಕ್ ಕಿತ್ತುಕೊಂಡು ‘ಠೇವಣಿಯೂ ಇನ್ನು ನಮ್ಮದೇ’ ಅಂತಾರೆ. ದೂರು ಯಾರಿಗೆ ಕೊಡ್ತೀರಿ?

ಲಂಡನ್ನಿನಲ್ಲಿ ಕೊಡೋಣ ಅಂತ ರಾಜ ಯೋಚಿಸಿದ. ಹೋಗೋಕೆ ಅನುಮತಿ ಬೇಕು, ಅನುಮತಿಗೆ ಕಾರಣ ಬೇಕು. ದುಡ್ಡು ಕೇಳೋಕೆ ಹೋಗ್ತೀನಿ ಅಂದ್ರೆ ಯಾರು ಬಿಡ್ತಾರೆ? ‘ಮಗಳನ್ನ ಇಂಗ್ಲೆಂಡಿನಲ್ಲಿ ಕ್ರೈಸ್ತಳಾಗಿ ಬೆಳೆಸಬೇಕು’ ಅಂದ. ಡಾಲ್‌ಹೌಸಿಯ ಸರ್ಕಾರ ಒಪ್ಪಿತು. ರಾಜನಿಗೆ ಹಲವು ಹೆಂಡಿರು, ಹಲವು ಮಕ್ಕಳು. ಅದರಲ್ಲಿ ಗೌರಮ್ಮನೇ ಯಾಕೆ? ಅಪ್ಪನಿಗೆ ಬಹಳ ಪ್ರೀತಿಯ ಮಗಳು ಅಂತ ಬರೆದವರಿದ್ದಾರೆ, ಚಿಕ್ಕವಳು ಬೇಗ ಕಲಿತಾಳೆ ಅನ್ನೋ ಲೆಕ್ಕವೂ ಇದ್ದೀತು. ಎರಡೂ ಒಟ್ಟಿಗೇ ನಿಜ ಇರಬಹುದು ಅನ್ಸುತ್ತೆ ನನಗೆ. ಮಗಳನ್ನ ಪ್ರೀತಿಸ್ತಾನೇ ಲೆಕ್ಕ ಹಾಕೋ ಅಪ್ಪಂದಿರು ಎಲ್ಲ ಊರಲ್ಲೂ ಇದ್ದಾರೆ.

ಅಂದ ಹಾಗೆ, ರಾಜ ಹೀಗೆ ಲೆಕ್ಕ ಹಾಕಿದ್ದು ಅದೇ ಮೊದಲಲ್ಲ. 1850ರ ಕೊನೆಗೆ ನೇಪಾಳದ ಜಂಗ್ ಬಹಾದ್ದೂರ್ ರಾಣಾ ಇಂಗ್ಲೆಂಡ್, ಫ್ರಾನ್ಸ್ ನೋಡಿಕೊಂಡು ಕಾಶಿ ಮೂಲಕ ವಾಪಸ್ ಹೋಗ್ತಿದ್ದ. ನೇಪಾಳದಲ್ಲಿ ರಾಜ ಹೆಸರಿಗೆ, ಅಧಿಕಾರ ಎಲ್ಲ ಇವನದು. ಗೌರಮ್ಮನ ಅಕ್ಕನನ್ನ ಅವನಿಗೆ ಕಾಶಿಯಲ್ಲೇ ಮದುವೆ ಮಾಡಿಕೊಟ್ಟರು. ಒಬ್ಬಳು ಮಗಳು ಕಠ್ಮಂಡುವಿನ ಆಸ್ಥಾನಕ್ಕೆ, ಒಬ್ಬಳು ಲಂಡನ್ನಿನ ಆಸ್ಥಾನಕ್ಕೆ. ಇಂಗ್ಲೆಂಡಿಗೆ ಹೋಗಿ ರಾಣಿಯನ್ನ ಕಂಡು ಬಂದ ಅಳಿಯನ ಕತೆ ಕೇಳಿಯೇ ಮಾವನಿಗೂ ಹಡಗಿನ ಕನಸು ಬಿದ್ದಿರಬೇಕು ಅಂತ ನನ್ನ ಊಹೆ.

1852ರಲ್ಲಿ ಅಪ್ಪ ಮಗಳು ಹೊರಟರು. ಆಗ ಸೂಯೆಜ್ ಕಾಲುವೆ ಇಲ್ಲ, ಅದು ತೆರೆದದ್ದು 1869ರಲ್ಲಿ. ಹಡಗಿಳಿದು ಈಜಿಪ್ಟಿನ ನೆಲದ ಮೇಲೆ ಹೋಗಿ ಇನ್ನೊಂದು ಹಡಗು ಹಿಡಿಯಬೇಕು. ಲಂಡನ್ನಿನಲ್ಲಿ ಇವರಿಗೆ ಭರ್ಜರಿ ಸ್ವಾಗತ ಸಿಕ್ಕಿತು. ಇಂಗ್ಲೆಂಡಿಗೆ ಬಂದ ಭಾರತದ ಮೊದಲ ರಾಜಮನೆತನದವರು ಅಂತ ಸುದ್ದಿ. ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕೈಯಿಂದ ಗೌರಮ್ಮನಿಗೆ ದೀಕ್ಷಾಸ್ನಾನ ಆಯ್ತು. ಹನ್ನೊಂದು ತುಂಬೋಕೆ ಇನ್ನು ನಾಲ್ಕು ದಿನ. ರಾಣಿ ತನ್ನ ಹೆಸರನ್ನೇ ಕೊಟ್ಟಳು, ವಿಕ್ಟೋರಿಯಾ ಗೌರಮ್ಮ. ರಾಣಿಯ ಜೊತೆ ಮಾತು ಕೊಟ್ಟು ನಿಂತವರಲ್ಲಿ ಕಂಪನಿಯ ನಿರ್ದೇಶಕ ಸರ್ ಜೇಮ್ಸ್ ವಿಯರ್ ಹಾಗ್ ಕೂಡ ಒಬ್ಬ. ಅಪ್ಪ ಯಾವ ಕಂಪನಿಯ ಮೇಲೆ ದಾವೆ ಹೂಡೋಕೆ ಬಂದಿದ್ದನೋ ಅದೇ ಕಂಪನಿಯವನು ಮಗಳಿಗೆ ಗಾಡ್‌ಫಾದರ್!

ನಮ್ಮ ಗುಂಪಿಗೆ ಬಂದ ಆ ಚಿತ್ರ ಅದೇ ವರ್ಷದ್ದು. ಬರೆದವನು ವಿಂಟರ್‌ಹಾಲ್ಟರ್, ಯುರೋಪಿನ ರಾಜರಾಣಿಯರನ್ನೆಲ್ಲ ಬರೆದ ದೊಡ್ಡ ಕಲಾವಿದ. ಅಜ್ಜಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದಳು. ‘ಕೂಸು ಹೆದರೇತಿ’ ಅಂದಳು, ಅಷ್ಟೇ.

ಆ ದೀಕ್ಷಾಸ್ನಾನದಿಂದ ಯಾರಿಗೆ ಏನು ಸಿಕ್ಕಿತು? ರಾಣಿಗೆ ಮನಸಾರೆ ಸಂತೋಷ. ಭಾರತದ ರಾಜಮನೆತನದ ಹುಡುಗಿ ತನ್ನ ಧರ್ಮಕ್ಕೆ ಬಂದಳು, ಇವಳನ್ನ ನೋಡಿ ಇನ್ನಷ್ಟು ಜನ ಬರ್ತಾರೆ ಅನ್ನೋ ಆಸೆ. ಅಪ್ಪನಿಗೆ ಅರಮನೆಯಲ್ಲಿ ಕಾಲಿಡೋಕೆ ಜಾಗ ಸಿಕ್ಕಿತು ಅನ್ನೋ ಭ್ರಮೆ. ಯಾಕೆ ಭ್ರಮೆ ಅಂದ್ರೆ, ನೀರು ಬಿದ್ದ ಮೇಲೆ ಮಗಳು ಅವನ ಕೈ ತಪ್ಪಿದಳು. ಡ್ರಮಂಡ್ ಅನ್ನೋ ಸೇನಾಧಿಕಾರಿಯ ಮನೆಯಲ್ಲಿ ಅವಳನ್ನ ಇರಿಸಿದ್ರು. ಹಳೆಯ ಧರ್ಮದ, ಹಳೆಯ ನಡವಳಿಕೆಯ ಗಾಳಿ ತಾಗಬಾರದು ಅಂತ ಅಪ್ಪನ ಭೇಟಿಯನ್ನ ಕಡಿಮೆ ಮಾಡಿದ್ರು. ಮಗಳನ್ನ ಮುಂದಿಟ್ಟುಕೊಂಡು ರಾಣಿಯ ಹತ್ತಿರ ಹೋಗಬೇಕು ಅಂದುಕೊಂಡವನಿಗೆ ಮಗಳ ಹತ್ತಿರ ಹೋಗೋದೇ ಕಷ್ಟ ಆಯ್ತು. ಮಗಳಿಗೋ, ತನ್ನ ಮಾತಾಡೋ ಒಬ್ಬರೂ ಸುತ್ತ ಇಲ್ಲ. ಹನ್ನೊಂದರ ಹುಡುಗಿ ಅಪ್ಪನ ಜೊತೆ ಯಾವ ಮಾತಿನಲ್ಲಿ ಮಾತಾಡ್ತಿದ್ದಳೋ ಅದು ಎಷ್ಟು ದಿನಕ್ಕೆ ಮರೆತುಹೋಯ್ತೋ.

ಇಲ್ಲಿ ಇನ್ನೊಬ್ಬ ಹುಡುಗಿಯನ್ನ ಕತೆಗೆ ತರ್ತೀನಿ. ರಾಣಿಯ ಹಿರಿಮಗಳು, ಅವಳೂ ವಿಕ್ಟೋರಿಯಾ, ಮನೆಯಲ್ಲಿ ವಿಕಿ. ಹುಟ್ಟಿದ್ದು 1840ರ ನವೆಂಬರ್‌ನಲ್ಲಿ, ಗೌರಮ್ಮನಿಗಿಂತ ಬರೀ ಏಳು ತಿಂಗಳು ದೊಡ್ಡವಳು. ಒಂದೇ ಹೆಸರು, ಹೆಚ್ಚು ಕಡಿಮೆ ಒಂದೇ ವಯಸ್ಸು. ಯುರೋಪಿನ ರಾಜಮನೆತನಗಳಲ್ಲಿ ಹೆಣ್ಣುಮಕ್ಕಳನ್ನ ಪರದೇಶದ ಆಸ್ಥಾನಕ್ಕೆ ಕೊಡೋದು ರಾಜಕೀಯದ ದಿನನಿತ್ಯದ ಕೆಲಸ. ನಮಗೆ ಹತ್ತಿರದ ಉದಾಹರಣೆ ಮುಂಬಯಿ. 1661ರ ಒಪ್ಪಂದದಂತೆ ಪೋರ್ಚುಗಲ್ಲಿನ ಕ್ಯಾಥರಿನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಮದುವೆಯಾದಾಗ ವರದಕ್ಷಿಣೆಯ ಜೊತೆ ಮುಂಬಯಿಯ ದ್ವೀಪ ಇಂಗ್ಲಿಷರ ಕೈಗೆ ಹೋಯ್ತು. 1668ರಲ್ಲಿ ರಾಜ ಅದನ್ನ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ನಮ್ಮೂರಿನವರು ಮಗಳಿಗೆ ಎರಡೆಕರೆ ಬರೆದುಕೊಡೋಕೆ ಮೂರು ವರ್ಷ ಜಗಳ ಆಡ್ತಾರೆ, ಅಲ್ಲಿ ಒಂದು ಊರೇ ಹೋಯ್ತು. ಆ ಕ್ಯಾಥರಿನ್‌ಗೆ ಮಕ್ಕಳಾಗಲಿಲ್ಲ, ಗಂಡನ ಆಸ್ಥಾನದಲ್ಲಿ ಅವಳ ಕ್ಯಾಥೊಲಿಕ್ ಧರ್ಮವನ್ನ ಯಾರೂ ಸಹಿಸಲಿಲ್ಲ, ಗಂಡ ಸತ್ತ ಮೇಲೆ 1692ರಲ್ಲಿ ತವರಿಗೆ ವಾಪಸ್ ಹೋದಳು. ವಾಪಸ್ ಹೋಗೋಕೆ ತವರು ಇತ್ತು ಅನ್ನೋದನ್ನ ನೆನಪಿಡಿ.

ವಿಕಿಗೂ ಹಾಗೇ. ಹದಿನಾಲ್ಕಕ್ಕೆ ನಿಶ್ಚಯ, ಹದಿನೇಳಕ್ಕೆ ಮದುವೆ, 1858ರ ಜನವರಿ 25ರಂದು. ಗಂಡ ಪ್ರಷ್ಯಾದ ರಾಜಕುಮಾರ ಫ್ರೆಡರಿಕ್. ಜರ್ಮನಿಯನ್ನ ಉದಾರವಾದದ ಕಡೆ ತಿರುಗಿಸಬೇಕು ಅನ್ನೋದು ಅವಳ ಅಪ್ಪ ಆಲ್ಬರ್ಟ್‌ನ ಲೆಕ್ಕ. ಹೌದು, ಅಲ್ಲೂ ಅಪ್ಪನ ಲೆಕ್ಕವೇ. ಮದುವೆ ಗಂಡಿನ ಊರು ಬರ್ಲಿನ್ನಿನಲ್ಲಿ ಆಗಲಿ ಅಂತ ಅವರು ಕೇಳಿದಾಗ ರಾಣಿ ಸುತರಾಂ ಒಪ್ಪದೆ ಲಂಡನ್ನಿನಲ್ಲೇ ಮಾಡಿಸಿದಳು. ಬರ್ಲಿನ್ನಿನಲ್ಲಿ ವಿಕಿ ಸುಖವಾಗಿರಲಿಲ್ಲ. ಅಲ್ಲಿನವರಿಗೆ ಅವಳು ಕೊನೆವರೆಗೂ ‘ಇಂಗ್ಲಿಷ್ ಹೆಂಗಸು’. ಬಿಸ್ಮಾರ್ಕ್ ಅವಳನ್ನ ನಂಬಲೇ ಇಲ್ಲ. ಮೊದಲ ಹೆರಿಗೆ ಬಹಳ ಕಷ್ಟವಾಗಿ ಮಗನ ಎಡಗೈ ಊನವಾಯ್ತು. ಮುಂದೆ ಮೊದಲ ಮಹಾಯುದ್ಧದ ಕಾಲದ ಕೈಸರ್ ಎರಡನೇ ವಿಲ್ಹೆಲ್ಮ್ ಆದವನು ಅವನೇ. ಗಂಡ 1888ರಲ್ಲಿ ಚಕ್ರವರ್ತಿ ಆಗಿ 99 ದಿನಕ್ಕೆ ಸತ್ತ. ಆದ್ರೆ ಇಷ್ಟರಲ್ಲೂ ಒಂದು ದಾರ ಹರಿಯಲಿಲ್ಲ. ತಾಯಿ ಮಗಳು ನಲವತ್ತಕ್ಕೂ ಹೆಚ್ಚು ವರ್ಷ ಕಾಗದ ಬರೆದುಕೊಂಡರು, ಸಾವಿರಾರು ಕಾಗದ. ಬಸುರಿ ಬಾಣಂತನ, ಅತ್ತೆಮನೆ ದೂರು, ರಾಜಕೀಯ, ಎಲ್ಲ ಅದರಲ್ಲಿದೆ.

ಗೌರಮ್ಮನಿಗೆ ಕಾಗದ ಬರೆಯೋಕೆ ಯಾರಿದ್ದರು? ಅದನ್ನೇ ನಾನು ಯೋಚಿಸ್ತಿದ್ದದ್ದು. ಪರದೇಶದ ಆಸ್ಥಾನಕ್ಕೆ ಹೋದ ಯುರೋಪಿನ ಹುಡುಗಿಯ ಹಿಂದೆ ಒಂದು ದೇಶ ಇರ್ತಿತ್ತು, ಒಂದು ಸೈನ್ಯ, ರಾಯಭಾರಿ, ತವರಿನಿಂದ ಬಂದ ನಾಲ್ಕು ಜನ ಸಖಿಯರು. ಅವಳನ್ನ ಕೆಟ್ಟದಾಗಿ ನಡೆಸಿಕೊಂಡ್ರೆ ಕೇಳೋರು ಇದ್ದಾರೆ ಅನ್ನೋ ಅಂಜಿಕೆ ಗಂಡನ ಕಡೆಯವರಿಗೆ ಇರ್ತಿತ್ತು. ಗೌರಮ್ಮನ ಹಿಂದೆ ರಾಜ್ಯ ಇರಲಿಲ್ಲ, ರಾಜ್ಯ ಕಳಕೊಂಡ ಅಪ್ಪ ಇದ್ದ. ಅವನ ಭೇಟಿಗೂ ಅನುಮತಿ ಬೇಕು.

ಈಗ ಮದುವೆಯ ವಿಷಯ. ರಾಣಿಗೆ ಒಂದು ಯೋಚನೆ ಬಂತು, ಮೇಲೆ ನೋಡೋಕೆ ಬಹಳ ಅಚ್ಚುಕಟ್ಟಾದದ್ದು. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್. 1849ರಲ್ಲಿ ಹತ್ತು ವರ್ಷದವನಿದ್ದಾಗ ರಾಜ್ಯ ಹೋಯ್ತು, 1853ರಲ್ಲಿ ಕ್ರೈಸ್ತನಾದ, 1854ರಲ್ಲಿ ಇಂಗ್ಲೆಂಡಿಗೆ ಬಂದ. ಇವನೂ ರಾಜ್ಯ ಕಳಕೊಂಡವನು, ಅವಳೂ ಕಳಕೊಂಡವಳು. ಇಬ್ಬರೂ ಭಾರತದವರು, ಇಬ್ಬರೂ ಕ್ರೈಸ್ತರು, ಇಬ್ಬರೂ ರಾಣಿಗೆ ಬೇಕಾದವರು. ಮದುವೆ ಮಾಡಿಬಿಟ್ಟರೆ ಭಾರತದ ಮೊದಲ ಕ್ರೈಸ್ತ ರಾಜದಂಪತಿ! ವೈಟ್ ದ್ವೀಪದ ಆಸ್‌ಬೋರ್ನ್ ಅರಮನೆಗೆ ಇಬ್ಬರ ಅಮೃತಶಿಲೆಯ ಮೂರ್ತಿಗಳನ್ನೂ ಮಾರೊಕೆಟ್ಟಿ ಅನ್ನೋ ಒಬ್ಬನೇ ಶಿಲ್ಪಿ ಮಾಡಿದ. ಮೂರ್ತಿಗಳು ಜೋಡಿಯಾದವು, ಮನುಷ್ಯರು ಆಗಲಿಲ್ಲ. ದುಲೀಪ್ ಸಿಂಗ್ ಅವಳನ್ನ ಸ್ನೇಹಿತೆ ತರಹ ನೋಡಿದ, ಮದುವೆ ಬೇಡ ಅಂದ.

ಪಂಜಾಬಿನವನು ಮತ್ತು ಕೊಡಗಿನ ಲಿಂಗಾಯತ ಹುಡುಗಿ ಯಾವ ಲೆಕ್ಕದಲ್ಲಿ ‘ಒಂದೇ’ ಅಂತ ಅಜ್ಜಿ ಕೇಳಿದಳು. ಒಳ್ಳೆ ಪ್ರಶ್ನೆ. ಇಬ್ಬರಿಗೂ ಸಮಾನವಾದದ್ದು ಇಂಗ್ಲಿಷ್ ಭಾಷೆ ಒಂದೇ, ಅದೂ ಕಲಿತದ್ದು. ಲಂಡನ್ನಿನಿಂದ ನೋಡಿದವರಿಗೆ ಇಬ್ಬರೂ ಒಂದೇ ಬಣ್ಣ. ರಾಣಿಗೆ ಇಂಥ ಇನ್ನೊಬ್ಬ ಹುಡುಗಿಯೂ ಇದ್ದಳು, ಪಶ್ಚಿಮ ಆಫ್ರಿಕಾದ ಸಾರಾ ಫೋರ್ಬ್ಸ್ ಬೊನೆಟ್ಟಾ. ಕರೆತಂದ ಕ್ಯಾಪ್ಟನ್ ಫೋರ್ಬ್ಸ್, ಅವನ ಹಡಗು ಬೊನೆಟ್ಟಾ. ಅವೆರಡನ್ನೂ ಸೇರಿಸಿ ಹುಡುಗಿಗೆ ಹೆಸರಿಟ್ಟಿದ್ರು. ಹಡಗಿನ ಹೆಸರು! ಅದಕ್ಕೆ ಹೋಲಿಸಿದ್ರೆ ಗೌರಮ್ಮನಿಗೆ ತನ್ನ ಹೆಸರಾದ್ರೂ ಉಳಿಯಿತು. ರಾಣಿ ಕೆಟ್ಟವಳು ಅಂತ ನಾನು ಹೇಳ್ತಿಲ್ಲ. ಈ ಮಕ್ಕಳ ಮೇಲೆ ಅವಳಿಗೆ ಮಮತೆ ಇತ್ತು, ವರ್ಣಭೇದದ ಮಾತಾಡೋ ತನ್ನವರಿಗಿಂತ ಎಷ್ಟೋ ವಾಸಿ. ಆದ್ರೆ ಮಮತೆ ಇದ್ದವರು ಎಲ್ಲ ತೀರ್ಮಾನ ತಾವೇ ತಗೊಂಡ್ರೆ ಏನಾಗುತ್ತೆ ಅಂತ ನಮಗೆ ಗೊತ್ತಿಲ್ವಾ? ಪಿಯುಸಿ ಆದಮೇಲೆ ಯಾವ ಬ್ರಾಂಚ್ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಕೇಳಿದ್ರು?

ಗೌರಮ್ಮ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗ್ತಾ ಬೆಳೆದಳು. ಡ್ರಮಂಡ್ ಆದಮೇಲೆ ಲೇಡಿ ಹಾರ್ಕೋರ್ಟ್, ಲಾಗಿನ್ ದಂಪತಿ. ಲಾಗಿನ್ ಅಂದ್ರೆ ದುಲೀಪ್ ಸಿಂಗನನ್ನ ಸಾಕಿ ಬೆಳೆಸಿದವರೇ. 1859ರ ಸೆಪ್ಟೆಂಬರ್‌ನಲ್ಲಿ ಅಪ್ಪ ಲಂಡನ್ನಿನಲ್ಲೇ ಸತ್ತ. ಏಳು ವರ್ಷ ಕೋರ್ಟು, ವಕೀಲರು, ಅರ್ಜಿ ಅಂತ ಅಲೆದಿದ್ದ. ತೀರ್ಪು ಬಂದದ್ದು ಮರುವರ್ಷ, 1860ರಲ್ಲಿ. ನ್ಯಾಯಾಧೀಶರು ಹೇಳಿದ್ದರ ಸಾರಾಂಶ ಇಷ್ಟು: ಕಂಪನಿ ಈ ಸಾಲಪತ್ರಗಳನ್ನ ವ್ಯಾಪಾರಿಯಾಗಿ ತಗೊಂಡದ್ದಲ್ಲ, ಯುದ್ಧ ಮಾಡಿದ ಸರ್ಕಾರವಾಗಿ ತಗೊಂಡದ್ದು, ಒಂದು ಸರ್ಕಾರ ಇನ್ನೊಂದು ರಾಜ್ಯದ ಮೇಲೆ ಮಾಡಿದ ಕೆಲಸವನ್ನ ಈ ಕೋರ್ಟು ವಿಚಾರಿಸುವಂತಿಲ್ಲ. ಸಾಲ ಪಡೆದಾಗ ವ್ಯಾಪಾರಿ, ತಿರುಗಿ ಕೊಡೋ ಹೊತ್ತಿಗೆ ಸರ್ಕಾರ. ಕಾನೂನು ಓದೋ ಗೆಳೆಯರಿದ್ರೆ ಕೇಳಿ, ‘ಆ್ಯಕ್ಟ್ ಆಫ್ ಸ್ಟೇಟ್’ ಅನ್ನೋ ಪಾಠದಲ್ಲಿ ಕೊಡಗಿನ ರಾಜನ ಈ ದಾವೆಯ ಹೆಸರು ಬರುತ್ತೆ.

ಅಪ್ಪನನ್ನ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹೂಳಿದ್ರು. ಮಡಿಕೇರಿಗೆ ಟೂರ್ ಹೋದಾಗ ನಾವೆಲ್ಲ ಗದ್ದಿಗೆ ನೋಡಿದ್ದೀವಿ, ಫೋಟೋ ತೆಗೆದಿದ್ದೀವಿ. ಗುಮ್ಮಟ, ಮೂಲೆಗಳಲ್ಲಿ ಗೋಪುರ. ದೊಡ್ಡವೀರರಾಜೇಂದ್ರನ ಸಮಾಧಿ ಅಲ್ಲಿದೆ, ಚಿಕ್ಕವೀರರಾಜನ ಅಪ್ಪ ಲಿಂಗರಾಜನದೂ ಅಲ್ಲೇ. ಆ ಸಾಲಿನಲ್ಲಿ ಇವನದಿಲ್ಲ ಅಂತ ಆಗ ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಂದೆ ಸತ್ತ ಮರುವರ್ಷ, ಹತ್ತೊಂಬತ್ತರ ಗೌರಮ್ಮನ ಮದುವೆ ಆಯ್ತು. ಗಂಡ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಲೇಡಿ ಲಾಗಿನ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬ. ಹೆಂಡತಿ ಸತ್ತವನು, ಮಕ್ಕಳಿದ್ದವನು, ಇವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. ಆಸ್ಥಾನದಿಂದ ಆಸ್ಥಾನಕ್ಕೆ ಅಂತ ಶುರುವಾದ ಲೆಕ್ಕ ಕೊನೆಗೆ ಒಬ್ಬ ಎರಡನೇ ಸಂಬಂಧದ ಕರ್ನಲ್‌ನ ಮನೆಗೆ ಬಂದು ನಿಂತಿತು. ಅವಳಿಗೆ ಇಷ್ಟ ಇತ್ತೋ, ಬರೀ ಒಂದು ಮನೆ ಬೇಕಾಗಿತ್ತೋ. ನನಗಂತೂ ಎರಡನೆಯದೇ ನಿಜ ಅನ್ಸುತ್ತೆ. ಎಂಟು ವರ್ಷ ಬೇರೆಯವರ ಮನೆಗಳಲ್ಲಿ ಅತಿಥಿಯಾಗಿ ಇದ್ದವಳಿಗೆ ‘ನನ್ನ ಮನೆ’ ಅನ್ನೋದೇ ದೊಡ್ಡ ಆಸೆ ಆಗಿದ್ದೀತು.

ಇದನ್ನ ಅಜ್ಜಿಗೆ ಹೇಳಿದ ದಿನ ಮನೆಯಲ್ಲಿ ಸಕ್ಕರೆ ಆರತಿಯ ಮಾತು ನಡೆದಿತ್ತು. ಬೇರೆ ಕಡೆಯವರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ದೀಪಾವಳಿ ಕಳೆದು ಹದಿನೈದು ದಿನಕ್ಕೆ ನಮ್ಮ ಹಡಗಲಿ ಸೀಮೆಯಲ್ಲಿ, ಹೊಳೆಯಾಚೆ ಹಾವೇರಿ ಕಡೆಯೂ, ಗೌರಿ ಹುಣ್ಣಿಮೆ ಜೋರು. ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ಆನೆ, ಕುದುರೆ, ತೇರು, ಗೊಂಬೆ ಮಾಡ್ತಾರೆ. ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು ಅದನ್ನ ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಒಯ್ತಾರೆ. ಹುಡುಗಿಗೆ ಮದುವೆ ಗೊತ್ತಾಗಿದ್ರೆ ಗಂಡಿನ ಮನೆಯಿಂದ ಸೀರೆ, ಸಕ್ಕರೆ ಆರತಿ, ದಂಡಿ ಬರಬೇಕು. ಬರದಿದ್ರೆ ಮಾತು ಬೆಳೆಯುತ್ತೆ. ನಮ್ಮಕ್ಕನಿಗೆ ಆ ವರ್ಷ ಹೊಳೆಯಾಚೆಯಿಂದ ಬರಬೇಕಿತ್ತು, ಎಲ್ಲರ ಕಣ್ಣು ಬಾಗಿಲ ಮೇಲೆ. ಅಷ್ಟರಲ್ಲಿ ಅಜ್ಜಿ ಕೇಳಿದಳು, ‘ಗೌರಮ್ಮ ಅಂತ ಹೆಸರಿಟ್ಟಾರ, ಆ ಕೂಸಿಗೆ ಒಂದು ವರ್ಷನಾದ್ರೂ ಆರತಿ ಯಾರು ಕಳಿಸಿದ್ರು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ಮಂದಿಯೆಲ್ಲ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅಕ್ಕ, ‘ಅಜ್ಜಿ, ಮೊದ್ಲು ನಂದು ಬರ್ಲಿ ತಡಿ’ ಅಂದಳು. ಎಲ್ಲರೂ ನಕ್ಕರು.

ಮುಂದಿನದು ಬೇಗ ಮುಗಿಯುತ್ತೆ, ಅವಳ ಆಯುಷ್ಯದ ಹಾಗೇ. 1861ರ ಜುಲೈನಲ್ಲಿ ಹೆಣ್ಣುಮಗು. ಆಮೇಲೆ ಕ್ಷಯ. ಆ ಕಾಲದ ಲಂಡನ್ನಿನಲ್ಲಿ ಕ್ಷಯ ರಾಜರನ್ನೂ ಬಿಡ್ತಿರಲಿಲ್ಲ, ಕೂಲಿಯವರನ್ನೂ ಬಿಡ್ತಿರಲಿಲ್ಲ. ರೋಗಾಣುವನ್ನ ಕಾಕ್ ಕಂಡುಹಿಡಿದದ್ದೇ 1882ರಲ್ಲಿ, ಔಷಧಿ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. 1864ರ ಮಾರ್ಚ್ 30ರಂದು ಗೌರಮ್ಮ ಸತ್ತಳು. ಇಪ್ಪತ್ತಮೂರು ತುಂಬಿರಲಿಲ್ಲ. ಅವಳನ್ನ ಬ್ರಾಂಪ್ಟನ್ ಸ್ಮಶಾನದಲ್ಲಿ ಹೂಳಿದ್ರು. ಅಪ್ಪ ಒಂದು ಸ್ಮಶಾನದಲ್ಲಿ, ಮಗಳು ಇನ್ನೊಂದರಲ್ಲಿ. ಅದೇ ವರ್ಷ ಜೂನ್‌ನಲ್ಲಿ ದುಲೀಪ್ ಸಿಂಗ್ ಈಜಿಪ್ಟಿನಲ್ಲಿ ಬಾಂಬಾ ಮ್ಯೂಲರ್ ಅನ್ನೋ ಮಿಷನ್ ಶಾಲೆಯ ಹುಡುಗಿಯನ್ನ ತಾನೇ ಆರಿಸಿಕೊಂಡು ಮದುವೆಯಾದ. ಗಂಡಸಿಗೆ ಬೇಡ ಅನ್ನೋಕೂ ಆಯ್ತು, ಬೇಕು ಅನ್ನೋಕೂ ಆಯ್ತು.

ಮೂರು ವರ್ಷ ಕಳೆದು, 1867ರಲ್ಲಿ, ಕರ್ನಲ್ ಕ್ಯಾಂಪ್‌ಬೆಲ್ ಒಂದು ದಿನ ಲಂಡನ್ನಿನ ತನ್ನ ಬಿಡಾರದಿಂದ ಹೊರಗೆ ಹೋದವನು ಮರಳಿ ಬರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಗೌರಮ್ಮನ ಒಡವೆಗಳನ್ನ ಜೊತೆಗೆ ಒಯ್ದಿದ್ದ ಅಂತ ಹೇಳ್ತಾರೆ, ಅವೂ ಸಿಗಲಿಲ್ಲ. ವಿಂಟರ್‌ಹಾಲ್ಟರ್ ಚಿತ್ರದಲ್ಲಿ ಹುಡುಗಿಯ ಮೈಮೇಲೆ ಕಾಣೋ ಒಡವೆಗಳಲ್ಲಿ ಎಷ್ಟು ಅದರಲ್ಲಿದ್ದವೋ. ಕೊಡಗಿನವರಾದ ಸಿ. ಪಿ. ಬೆಳ್ಳಿಯಪ್ಪನವರು ಈ ಇಡೀ ಕತೆಯ ಬೆನ್ನುಹತ್ತಿ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ.

ಚಿತ್ರ ಈಗಲೂ ರಾಜಮನೆತನದ ಸಂಗ್ರಹದಲ್ಲಿದೆ. ಕೋರ್ಟಿನ ತೀರ್ಪು ಪುಸ್ತಕದಲ್ಲಿದೆ. ರಜೆ ಮುಗಿಸಿ ಹಾಸ್ಟೆಲ್‌ಗೆ ಬಂದಮೇಲೆ ಆ ಗುಂಪಿನಲ್ಲಿ ‘ದತ್ತುಮಗಳಲ್ಲ’ ಅಂತ ನಾಲ್ಕು ಸಾಲು ಬರೆದು ಹಾಕಿದೆ. ಇಬ್ಬರು ಓದಿದ್ರು ಅನ್ಸುತ್ತೆ. ರೂಮ್‌ಮೇಟ್ ಮಾತ್ರ ಈ ಸಲ ಹೃದಯದ ಗುರುತು ಒತ್ತಿದ.

ನಾನು ಊರು ಬಿಡೋ ಬೆಳಿಗ್ಗೆ, ಹಡಗಲಿ ಬಸ್ಸು ಬರೋ ಹೊತ್ತಿಗೆ, ಅಜ್ಜಿ ಕೈಗೆ ರೊಟ್ಟಿ ಗಂಟು ಕೊಡ್ತಾ ಮತ್ತೆ ಕೇಳಿದಳು.

‘ಅದ್ರ ಕೂಸಿಗೆ ಏನಂತ ಹೆಸರಿಟ್ಟಿದ್ರಪ್ಪಾ?’

‘ಈಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್ ಅಜ್ಜಿ.’

‘ಏನಂದಿ?’

ಇನ್ನೊಮ್ಮೆ ನಿಧಾನಕ್ಕೆ ಹೇಳಿದೆ. ಮೊದಲಿನದೂ ಕೊನೆಯದೂ ಅವಳಿಗೆ ತಿಳಿಯಲಿಲ್ಲ. ‘ಗೌರಮ್ಮ’ ಅಂದಳು. ‘ಹ್ಞೂಂ. ಇಟ್ಟಾರ ನೋಡು.’